ಕೈಯಾಗ ಏನೈತಿ, ಬೇಕಾಗಿದ್ದು ಏನೈತಿ?

ಹ್ಯಾಸ್ಕೆಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿ ಎರಡು ತಿಂಗಳಾಗಿತ್ತು. ಪಾವತಿ ದಾಖಲೆಗಳ ಫೈಲ್ ಓದುವ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದು ಸಾಲನ್ನೂ ಓದಬೇಕು. ಎಲ್ಲ ಸಾಲೂ ಸರಿಯಿದ್ದರೆ ಮಾತ್ರ ಫೈಲನ್ನು ಒಳಗೆ ಬಿಟ್ಟುಕೊಳ್ಳಬೇಕು, ಒಂದು ಸಾಲು ಕೆಟ್ಟಿದ್ದರೂ ಇಡೀ ಫೈಲ್ ವಾಪಸ್. ಒಂದು ಸಾಲನ್ನು ಓದುವ ಫಂಕ್ಷನ್ ಬರೆದು ಮುಗಿಸಿದ್ದೆ. ಸಾಲು ಸರಿಯಿದ್ದರೆ ಅದು 'ಜಸ್ಟ್' ಹಚ್ಚಿ ದಾಖಲೆ ಕೊಡುತ್ತಿತ್ತು, ಕೆಟ್ಟಿದ್ದರೆ 'ನಥಿಂಗ್', ಅಂದರೆ ಏನೂ ಇಲ್ಲ. ಹೀಗೆ ಜಸ್ಟೋ ನಥಿಂಗೋ ಆಗಬಹುದಾದದ್ದಕ್ಕೆ ಮೇಬಿ ಅನ್ನುತ್ತಾರೆ. ಅದನ್ನು ಎಲ್ಲ ಸಾಲುಗಳ ಮೇಲೂ ಓಡಿಸಿದರೆ ಮೇಬಿಗಳ ಉದ್ದನೆಯ ಲಿಸ್ಟ್ ಸಿಗುತ್ತಿತ್ತು. ಅಲ್ಲಿಂದ ಮುಂದೆ ದಾರಿ ಕಾಣಲಿಲ್ಲ. ಲಿಸ್ಟನ್ನು ತಲೆಯಿಂದ ಬಿಡಿಸುತ್ತ, ಪ್ರತಿ ಹೆಜ್ಜೆಗೂ ಇದು ಜಸ್ಟೋ ನಥಿಂಗೋ ಅಂತ ನೋಡುತ್ತ ಇಪ್ಪತ್ತು ಸಾಲು ಬರೆದೆ. ಬರೆದದ್ದನ್ನು ಪರೀಕ್ಷಿಸಿ ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಒಪ್ಪಲಿಲ್ಲ. ತಿದ್ದಿದೆ. ಮತ್ತೆ ಒಪ್ಪಲಿಲ್ಲ.

ನಮ್ಮ ತಂಡದಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದರು. ಮಧ್ಯಾಹ್ನ ಊಟ ಮುಗಿಸಿ ಬಂದವರನ್ನು ಹಿಡಿದು ನಿಲ್ಲಿಸಿ, "ಸರ್, ಇದೊಂದು ಸ್ವಲ್ಪ ನೋಡ್ತೀರಾ?" ಅಂದೆ. ಕುರ್ಚಿ ಎಳೆದುಕೊಂಡು ಕೂತರು. ನಾನು ಬರೆದ ಇಪ್ಪತ್ತು ಸಾಲಿನ ಕಡೆಗೆ ಅವರು ಕಣ್ಣೇ ಹಾಯಿಸಲಿಲ್ಲ. "ಅದು ಇರಲಿ ತಂಗಿ. ಮೊದಲ ಹೇಳು, ನಿನ್ನ ಕೈಯಾಗ ಏನೈತಿ?"

"ಮೇಬಿಗಳ ಲಿಸ್ಟ್ ಇದೆ ಸರ್."

"ಬೇಕಾಗಿದ್ದು ಏನೈತಿ?"

ಬಾಯಿ ತೆರೆದವಳು ಸುಮ್ಮನಾದೆ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಒಂದೇ ಮೇಬಿ ಬೇಕು. ಅದರೊಳಗೆ ಇಡೀ ಲಿಸ್ಟ್ ಇರಬೇಕು" ಅಂದೆ.

"ಹಂಗಾರ ಅದನ್ನ ಟೈಪ್ ಆಗಿ ಬರಿ."

ಬರೆದೆ. ಟೈಪ್ ಅಂದರೆ ಒಂದು ಮೌಲ್ಯ ಯಾವ ಬಗೆಯದು ಅನ್ನುವುದು, ಫಂಕ್ಷನ್ನಿನ ಟೈಪ್ ಅಂದರೆ ಏನು ಕೊಟ್ಟರೆ ಏನು ಬರುತ್ತದೆ ಅನ್ನುವುದು. ಎಡಗಡೆ ಮೇಬಿಗಳ ಲಿಸ್ಟ್, ನಡುವೆ ಬಾಣದ ಗುರುತು, ಬಲಗಡೆ ಲಿಸ್ಟಿನ ಮೇಬಿ. ಅದನ್ನು ಹಾಗೆಯೇ ಹೂಗಲ್‌ಗೆ ಹಾಕಲು ಹೇಳಿದರು. ಹೂಗಲ್ ಅಂದರೆ ಹ್ಯಾಸ್ಕೆಲ್ ಲೈಬ್ರರಿಗಳಲ್ಲಿ ಹುಡುಕುವ ಸಾಧನ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಟೈಪ್ ಕೊಟ್ಟರೆ ಅದಕ್ಕೆ ಹೊಂದುವ ಫಂಕ್ಷನ್‌ಗಳನ್ನು ತೋರಿಸುತ್ತದೆ. ಪಟ್ಟಿಯಲ್ಲಿ 'ಸೀಕ್ವೆನ್ಸ್' ಇತ್ತು. ನನ್ನ ಇಪ್ಪತ್ತು ಸಾಲಿನ ಜಾಗದಲ್ಲಿ ಒಂದು ಪದ. ಅವರು ಉತ್ತರವನ್ನು ಬಾಯಿಬಿಟ್ಟು ಹೇಳಲೇ ಇಲ್ಲ, ಎದ್ದು ತಮ್ಮ ಜಾಗಕ್ಕೆ ಹೋದರು.

ಆಮೇಲೆ ಎಷ್ಟೋ ಜನಕ್ಕೆ ನಾನು ಇದೇ ಎರಡು ಪ್ರಶ್ನೆ ಕೇಳಿದ್ದೇನೆ, ಅದೇ ಧಾರವಾಡದ ಮಾತಿನಲ್ಲೇ. ನನ್ನ ಊರು ಸಾಗರದ ಹತ್ತಿರ, ಆ ಮಾತು ನನ್ನದಲ್ಲ. ಆದರೆ ಈ ಎರಡು ಪ್ರಶ್ನೆ ಮಾತ್ರ ನನ್ನ ಬಾಯಲ್ಲಿ ಬೇರೆ ಥರ ಬರುವುದೇ ಇಲ್ಲ.

ಬೇರೆ ಭಾಷೆಗಳಲ್ಲಿ ಕೆಲಸ ಮಾಡುವಾಗ "ಇದು ಯಾಕೋ ನಡೀತಿಲ್ಲ" ಅಂತ ಶುರುವಾಗುವ ಪ್ರಶ್ನೆಗೆ ಹಿನ್ನೆಲೆ ಕೇಳಿ ತಿಳಿಯುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಹ್ಯಾಸ್ಕೆಲ್‌ನಲ್ಲಿ ಕೈಲಿರುವುದು ಬಾಣದ ಎಡಕ್ಕೆ, ಬೇಕಾದದ್ದು ಬಾಣದ ಬಲಕ್ಕೆ. ಬರೆದ ಕೂಡಲೇ ಪ್ರಶ್ನೆಗೆ ಒಂದು ಆಕಾರ ಬರುತ್ತದೆ. ಗೊತ್ತಿಲ್ಲದ ಜಾಗದಲ್ಲಿ ಬರೀ ಒಂದು ಅಡಿಗೆರೆ ಇಟ್ಟು ಕಂಪೈಲ್ ಮಾಡಿದರೆ, ಆ ಜಾಗಕ್ಕೆ ಯಾವ ಟೈಪಿನದು ಬರಬೇಕು ಅಂತ ಕಂಪೈಲರೇ ಹೇಳುತ್ತದೆ. ಟೈಪ್ಡ್ ಹೋಲ್ ಅನ್ನುವ ಈ ಸೌಲಭ್ಯ 2014ರಲ್ಲಿ, ಹ್ಯಾಸ್ಕೆಲ್ಲಿನ ಮುಖ್ಯ ಕಂಪೈಲರಾದ ಜಿಎಚ್‌ಸಿ 7.8ರ ಜೊತೆ ಬಂತು. ಕಲಿಯುವವರು ಯಾರೇ ಸಿಕ್ಕರೂ ನಾನು ಮೊದಲು ತೋರಿಸುವುದು ಇದನ್ನೇ. ಗೊತ್ತಿಲ್ಲ ಅನ್ನುವುದನ್ನು ಪ್ರೋಗ್ರಾಮಿನ ಒಳಗೇ ಬರೆಯಬಹುದು ಅಂತ ತಿಳಿದಾಗ ಅವರ ಹೆಗಲು ಸ್ವಲ್ಪ ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ.

ಈ ಎರಡು ಪ್ರಶ್ನೆ ಸಾಲದೆ ಹೋಗುವ ಮೊದಲ ಜಾಗ ಐಒ, ಅಂದರೆ ಹೊರಗಿನಿಂದ ಓದುವ, ಹೊರಗೆ ಬರೆಯುವ ಕೆಲಸ. ಹೊಸಬರೆಲ್ಲ ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: ಐಒ ಸ್ಟ್ರಿಂಗ್ ಒಳಗಿಂದ ಸ್ಟ್ರಿಂಗ್ ಹೊರಗೆ ತೆಗೆಯೋದು ಹೇಗೆ? ಸ್ಟ್ರಿಂಗ್ ಅಂದರೆ ಪಠ್ಯ, ಐಒ ಸ್ಟ್ರಿಂಗ್ ಅಂದರೆ ಓಡಿಸಿದರೆ ಪಠ್ಯ ಕೊಡುವ ಕ್ರಿಯೆ. ಕೈಲಿರುವುದು ಐಒ ಸ್ಟ್ರಿಂಗ್, ಬೇಕಾದದ್ದು ಸ್ಟ್ರಿಂಗ್. ಬಾಣ ಹಾಕಿ ಬರೆದರೆ ಆ ಟೈಪಿಗೆ ಸರಿಯಾಗಿ ಹೊಂದುವ ಫಂಕ್ಷನ್ ಒಂದಿದೆ. ಅದರ ಹೆಸರಿನಲ್ಲೇ 'ಅನ್‌ಸೇಫ್' ಅಂತಿದೆ. ಕೇಳಿದ್ದನ್ನೇ ಕೊಟ್ಟು ಕಳಿಸುವ ಆತುರದಲ್ಲಿ ಹೊಸಬರ ಕೈಗೆ ಅದನ್ನು ಕೊಟ್ಟವರನ್ನು ನೋಡಿದ್ದೇನೆ. ಅವತ್ತಿಗೆ ಕೆಲಸ ಆಗುತ್ತದೆ. ಮುಂದೊಂದು ದಿನ ಕಂಪೈಲರ್ ಆ ಕರೆಯನ್ನು ಹಿಂದುಮುಂದು ಮಾಡಿದಾಗ, ಎರಡು ಸಲ ಓಡಬೇಕಾದದ್ದು ಒಂದೇ ಸಲ ಓಡಿದಾಗ, ಕೇಳಿದವರು ಒಬ್ಬರೇ ಕೂತು ತಲೆ ಕೆಡಿಸಿಕೊಳ್ಳಬೇಕು. ನನಗೆ ಇದು ಸಹಾಯ ಅನ್ನಿಸುವುದಿಲ್ಲ.

ಇಲ್ಲಿ ಮೂರನೆಯ ಪ್ರಶ್ನೆ ಬೇಕು. ಆ ಸ್ಟ್ರಿಂಗ್ ಯಾಕೆ ಬೇಕು? "ಓದಿದ ಸಾಲನ್ನು ದೊಡ್ಡಕ್ಷರ ಮಾಡಿ ತೋರಿಸೋಕೆ" ಅನ್ನುತ್ತಾರೆ. ಹಾಗಾದರೆ ಅವರ ಕೈಲಿರುವುದು ಎರಡು. ಒಂದು, ಓಡಿಸಿದರೆ ಸ್ಟ್ರಿಂಗ್ ಕೊಡುವ ಕ್ರಿಯೆ. ಇನ್ನೊಂದು, ಸ್ಟ್ರಿಂಗ್ ಕೊಟ್ಟರೆ ತೆರೆಗೆ ಬರೆಯುವ ಕ್ರಿಯೆಯನ್ನು ಕೊಡುವ ಫಂಕ್ಷನ್. ಬೇಕಾದದ್ದು ಈ ಎರಡೂ ಸೇರಿ ಆಗುವ ಒಂದು ಕ್ರಿಯೆ. ಸ್ಟ್ರಿಂಗ್ ಹೊರಗೆ ಬರುವ ಅಗತ್ಯವೇ ಇಲ್ಲ, ಎರಡನ್ನೂ ಜೋಡಿಸಿದರೆ ಸಾಕು. ಕ್ರಿಯೆಗಳನ್ನು ಸಾಲಾಗಿ ಬರೆಯುವ ಡು ಬ್ಲಾಕಿನ ಎಡಬಾಣ ಮಾಡುವುದು ಆ ಜೋಡಣೆಯನ್ನೇ. ಇಷ್ಟು ಹೇಳುವ ಹೊತ್ತಿನಲ್ಲಿ ಈ ಜೋಡಣೆಯ ಹಿಂದಿರುವ ಗಣಿತದ ಹೆಸರಾದ ಮೊನಾಡ್ ಅನ್ನುವ ಪದ ನನ್ನ ಬಾಯಿಂದ ಬರದಂತೆ ನೋಡಿಕೊಳ್ಳುತ್ತೇನೆ. ಅದು ಆಮೇಲೆ ತಾನಾಗಿ ಬರುತ್ತದೆ.

ಹೊಸಬರು ಈ ಪ್ರಶ್ನೆ ಕೇಳಲು ನಾಚುತ್ತಾರೆ, "ಸಿಲ್ಲಿ ಡೌಟ್" ಅಂತ ಮೊದಲೇ ಹೇಳಿಬಿಡುತ್ತಾರೆ. ಅವರಿಗೆ ನಾನು ಹ್ಯಾಸ್ಕೆಲ್ ಹುಟ್ಟಿದ ಕತೆ ಹೇಳುತ್ತೇನೆ. 1987ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಫಂಕ್ಷನಲ್ ಭಾಷೆಗಳ ಸಮ್ಮೇಳನ ನಡೆಯಿತು. ಬೇಕಾದಾಗ ಮಾತ್ರ ಲೆಕ್ಕ ಮಾಡುವ 'ಸೋಮಾರಿ' ಭಾಷೆಗಳು ಆಗಲೇ ಒಂದು ಡಜನ್‌ಗಿಂತ ಹೆಚ್ಚಿದ್ದವು, ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಎಲ್ಲರೂ ಸೇರಿ ಒಂದೇ ಭಾಷೆ ಮಾಡೋಣ ಅಂತ ಸಮಿತಿ ಕೂತಿತು. ಪಾಲ್ ಹುಡಾಕ್, ಫಿಲಿಪ್ ವಾಡ್ಲರ್, ಸೈಮನ್ ಪೇಟನ್ ಜೋನ್ಸ್, ಜಾನ್ ಹ್ಯೂಸ್ ಇಂಥವರೆಲ್ಲ ಅದರಲ್ಲಿದ್ದರು. ಹ್ಯಾಸ್ಕೆಲ್ ಕರಿ ಎಂಬ ತರ್ಕಶಾಸ್ತ್ರಜ್ಞರ ಹೆಸರಿಟ್ಟು, 1990ರ ಏಪ್ರಿಲ್ 1ರಂದು ಭಾಷೆಯ ಮೊದಲ ವರದಿ ಹೊರತಂದರು. ಅಷ್ಟು ಹೊತ್ತಿಗೂ ಒಂದು ಸಾಲು ಓದಿ ಒಂದು ಸಾಲು ಬರೆಯುವ ಕೆಲಸಕ್ಕೆ ಅವರಲ್ಲಿ ಹಿತವಾದ ದಾರಿ ಇರಲಿಲ್ಲ. ಮೊದಲ ವರದಿಯಲ್ಲಿ ಮೇನ್, ಅಂದರೆ ಪ್ರೋಗ್ರಾಮ್ ಶುರುವಾಗುವ ಜಾಗ, ಉತ್ತರಗಳ ಲಿಸ್ಟ್ ತೆಗೆದುಕೊಂಡು ಕೋರಿಕೆಗಳ ಲಿಸ್ಟ್ ಕೊಡುವ ಒಂದು ಫಂಕ್ಷನ್. ಬರೆದವರಿಗೇ ಅದು ಕಷ್ಟವಾಗಿತ್ತು. ಯುಜೀನಿಯೋ ಮೊಗ್ಗಿ ಬೇರೊಂದು ಉದ್ದೇಶಕ್ಕೆ ಬಳಸಿದ್ದ ಮೊನಾಡ್ ಅನ್ನುವ ಗಣಿತವನ್ನು ವಾಡ್ಲರ್ ಪ್ರೋಗ್ರಾಮಿಂಗಿಗೆ ತಂದರು. ಈಗಿನ ರೀತಿಯ ಐಒ ಭಾಷೆಯ ವರದಿಗೆ ಸೇರಿದ್ದು 1996ರಲ್ಲಿ, 1.3ನೇ ಆವೃತ್ತಿಯಲ್ಲಿ. ಹೊಸಬರು ಎರಡನೇ ದಿನ ಕೇಳುವ ಆ 'ಸಿಲ್ಲಿ ಡೌಟ್' ಭಾಷೆ ಕಟ್ಟಿದವರನ್ನೇ ವರ್ಷಗಟ್ಟಲೆ ಕಾಡಿತ್ತು.

ಟೈಪ್ ಬಾಯಿಯೇ ಬಿಡದ ಪ್ರಶ್ನೆಗಳೂ ಇವೆ. ಅವು ನನಗೆ ಹೆಚ್ಚು ಇಷ್ಟ.

ಒಂದು ಸಂಜೆ ತಂಡದ ಕಿರಿಯ ಹುಡುಗನೊಬ್ಬ ಬಂದು, "ಅಕ್ಕ, ಒಂದು ಡೌಟ್. ಸಣ್ಣ ಫೈಲ್‌ಗೆ ಸರಿಯಾಗಿ ನಡೆಯುತ್ತೆ. ದೊಡ್ಡ ಫೈಲ್ ಕೊಟ್ಟರೆ ಮೆಮೊರಿ ಎಲ್ಲ ತಿಂದು ಸತ್ತು ಹೋಗುತ್ತೆ" ಅಂದ. ಸರ್ವರ್ ಪ್ರತಿ ಕೋರಿಕೆಗೆ ತೆಗೆದುಕೊಂಡ ಸಮಯದ ಸರಾಸರಿ ಹುಡುಕುವ ಪ್ರೋಗ್ರಾಮ್ ಅದು. ಸಾಲಾಗಿ ಸಂಖ್ಯೆಗಳು ಬರುತ್ತವೆ. ಇಲ್ಲಿಯವರೆಗಿನ ಮೊತ್ತ ಎಷ್ಟು, ಇಲ್ಲಿಯವರೆಗೆ ಬಂದದ್ದು ಎಷ್ಟು ಅಂತ ಎರಡನ್ನೂ ಒಂದು ಜೋಡಿಯಲ್ಲಿ, ಅಂದರೆ ಟ್ಯುಪಲ್‌ನಲ್ಲಿಟ್ಟು ಫೋಲ್ಡ್ ಮಾಡಿದ್ದ, ಅಂದರೆ ಲಿಸ್ಟನ್ನು ಒಂದೊಂದಾಗಿ ಸೇರಿಸುತ್ತ ಒಂದೇ ಉತ್ತರಕ್ಕೆ ಇಳಿಸಿದ್ದ. ಕೊನೆಗೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮುಗಿಯಿತು.

ಇಂಥ ಪ್ರಶ್ನೆಗೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ ಒಂದಿದೆ: ಫೋಲ್ಡ್‌ಎಲ್ ಬಿಟ್ಟು ಫೋಲ್ಡ್‌ಎಲ್ ಪ್ರೈಮ್ ಹಾಕು. ಪ್ರೈಮ್ ಅನ್ನುವುದು ಉತ್ತರವನ್ನು ಪ್ರತಿ ಹೆಜ್ಜೆಯಲ್ಲೂ ಬಿಡಿಸುತ್ತ ಹೋಗುವ ರೂಪ. ಆತ ಅದನ್ನು ಆಗಲೇ ಹಾಕಿದ್ದ. ಆದರೂ ಪ್ರೋಗ್ರಾಮ್ ಸಾಯುತ್ತಿತ್ತು. ಕೈಲಿ ಏನಿದೆ, ಏನು ಬೇಕು ಅಂತ ಕೇಳಿ ಏನೂ ಪ್ರಯೋಜನವಿರಲಿಲ್ಲ. ಆ ಎರಡೂ ಫೋಲ್ಡ್‌ಗಳ ಟೈಪ್ ಒಂದೇ. ಎಷ್ಟು ಜಾಗ ಬೇಕು, ಯಾವಾಗ ಲೆಕ್ಕ ಮಾಡುತ್ತದೆ ಅನ್ನುವುದನ್ನು ಟೈಪ್ ಹೇಳುವುದಿಲ್ಲ.

ಮೊದಲು ಉಪಮೆಯಲ್ಲಿ ವಿವರಿಸಿದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೋ ಅಂದೆ. ಅಕ್ಕಿ ತಗೊಂಡಾಗ ಒಂದು ಸಾಲು, ಬೇಳೆ ತಗೊಂಡಾಗ ಒಂದು ಸಾಲು, ಕೂಡಿಸುವುದು ತಿಂಗಳ ಕೊನೆಗೆ. ಹ್ಯಾಸ್ಕೆಲ್ ಕೂಡ ಕೂಡಿಸುವುದನ್ನು ಮುಂದೂಡಿ ಚೀಟಿ ಬರೆದಿಟ್ಟುಕೊಳ್ಳುತ್ತದೆ, ಆ ಚೀಟಿಗೇ ಥಂಕ್ ಅನ್ನುವುದು. ತಲೆಯಾಡಿಸಿದ. "ಸರಿ ಅಕ್ಕ, ಆದರೆ ಪ್ರೈಮ್ ಹಾಕಿದರೆ ಅವತ್ತಿನ ಲೆಕ್ಕ ಅವತ್ತೇ ಚುಕ್ತಾ ಆಗಬೇಕಲ್ವಾ?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ನನ್ನ ಉದ್ರಿ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಉಪಮೆ ಕೇಳಿದವರಿಗೆ ಅರ್ಥವಾದಂತೆ ಅನ್ನಿಸುತ್ತದೆ, ಹೇಳಿದವರಿಗೂ ಸಮಾಧಾನವಾಗುತ್ತದೆ, ಪ್ರೋಗ್ರಾಮ್ ಮಾತ್ರ ಇದ್ದಲ್ಲೇ ಇರುತ್ತದೆ.

ಹಾಳೆ ತೆಗೆದುಕೊಂಡೆವು. ಲಕ್ಷಾಂತರ ಸಂಖ್ಯೆ ಬೇಡ, ಮೂರೇ ಇರಲಿ: 3, 5, 7. ಶುರುವಿನಲ್ಲಿ ಟ್ಯುಪಲ್ ಏನು? (0, 0). ಈಗ 3 ಬಂತು. ಹೊಸ ಟ್ಯುಪಲ್ ಬರಿ ಅಂದೆ. ಆತ (3, 1) ಅಂತ ಬರೆದ. ನಾನು ತಡೆದೆ. "3 ಅಂತ ಯಾರು ಕೂಡಿಸಿದ್ರು? ನೀನು ಕೂಡಿಸಿದೆ. ಕಂಪ್ಯೂಟರ್ ಕೂಡಿಸಿಲ್ಲ. ಅದು ಮಾಡೋದಷ್ಟನ್ನೇ ಬರಿ." ಅಳಿಸಿ (0+3, 0+1) ಅಂತ ಬರೆದ. ಪ್ರೈಮ್ ಮಾಡುವ ಕೆಲಸ ಏನು? ಪ್ರತಿ ಹೆಜ್ಜೆಯಲ್ಲಿ ಉತ್ತರವನ್ನು ಬಿಡಿಸಿ ನೋಡುವುದು. ಎಲ್ಲಿಯವರೆಗೆ? ಹೊರಗಿನ ಮೊದಲ ಆಕಾರ ಕಾಣುವವರೆಗೆ ಮಾತ್ರ. ಇಲ್ಲಿ ಹೊರಗಿನ ಆಕಾರ ಟ್ಯುಪಲ್. ಅದು ಕಾಣುತ್ತಿದೆ, ಆವರಣ ಚಿಹ್ನೆ ಕಣ್ಣೆದುರಿಗೇ ಇದೆ. ಪ್ರೈಮ್‌ಗೆ ಅಷ್ಟು ಸಾಕು, ಒಳಗೆ ಕೈ ಹಾಕುವುದಿಲ್ಲ. 5 ಬಂದಾಗ ((0+3)+5, (0+1)+1). 7 ಬಂದಾಗ (((0+3)+5)+7, ((0+1)+1)+1). ಮೂರನೇ ಸಾಲು ಬರೆದು ಮುಗಿಸುವ ಮೊದಲೇ ಆತನ ಪೆನ್ನು ನಿಂತಿತು. "ಅಯ್ಯೋ, ಟ್ಯುಪಲ್ ಮಾತ್ರ ಚುಕ್ತಾ, ಒಳಗಡೆ ಎಲ್ಲ ಉದ್ರಿ!" ಅಂದ. ಉಪಮೆ ಆಗ ಕೆಲಸಕ್ಕೆ ಬಂತು. ಆ ಮಾತು ಆತನದೇ ಬಾಯಿಂದ ಬಂದದ್ದು ನನಗೆ ಖುಷಿ.

ತಿದ್ದುಪಡಿ ಸಣ್ಣದು. ಟ್ಯುಪಲ್ ಬದಲು ನಮ್ಮದೇ ಒಂದು ಡೇಟಾ ಟೈಪ್ ಮಾಡಿ, ಎರಡೂ ಫೀಲ್ಡ್‌ಗಳ ಟೈಪಿನ ಎಡಕ್ಕೆ ಒಂದೊಂದು ಆಶ್ಚರ್ಯ ಚಿಹ್ನೆ ಇಟ್ಟೆವು. ಆಗ ಹೊರಗಿನ ಆಕಾರ ಬಿಡಿಸಿದಾಗಲೆಲ್ಲ ಒಳಗಿನ ಎರಡೂ ಲೆಕ್ಕ ಆಗಲೇಬೇಕು. ಮೆಮೊರಿಯ ಗೆರೆ ಮಟ್ಟಸವಾಗಿ ಮಲಗಿತು. ಆ ಹಾಳೆಯನ್ನು ಆತ ಮಡಚಿ ಜೇಬಿಗೆ ಹಾಕಿಕೊಂಡ.

ಇಲ್ಲಿ ಇನ್ನೂ ಒಂದು ಮಾತು. ಹಿಂದೆ ಇಂಥ ಪ್ರೋಗ್ರಾಮ್‌ಗಳು ಸ್ಟ್ಯಾಕ್ ಓವರ್‌ಫ್ಲೋ ಅಂತ ಹೇಳಿ ಬೇಗ ಬೀಳುತ್ತಿದ್ದವು, ಆಗ ಸ್ಟ್ಯಾಕಿನ, ಅಂದರೆ ಅರ್ಧಕ್ಕೆ ನಿಂತ ಲೆಕ್ಕಗಳನ್ನು ಇಡುವ ಜಾಗದ, ಮಿತಿ 8 ಎಂಬಿ. ಈಗ ಆ ಮಿತಿ ಯಂತ್ರದ ಮೆಮೊರಿಯ ಶೇ 80. ಹಾಗಾಗಿ ಪ್ರೋಗ್ರಾಮ್ ಏನೂ ಹೇಳದೆ ಮೆಮೊರಿ ತಿನ್ನುತ್ತಲೇ ಹೋಗುತ್ತದೆ. ಹಳಬರು ಹೇಳುವ ಲಕ್ಷಣವೇ ಬೇರೆ, ಹೊಸಬರು ಕಾಣುವ ಲಕ್ಷಣವೇ ಬೇರೆ, ಒಳಗಿನ ಕಾಯಿಲೆ ಮಾತ್ರ ಒಂದೇ. ಉತ್ತರ ಹೇಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಒಂದೇ ಪ್ರಶ್ನೆಯನ್ನು ಸಾವಿರಾರು ಜನ ಕೇಳುತ್ತ ಹೋದರೆ ಒಂದು ದಿನ ಭಾಷೆಯೇ ಬಗ್ಗುತ್ತದೆ. ಫೋಲ್ಡ್‌ಎಲ್ ಪ್ರೈಮ್ ಬೇಕಿದ್ದರೆ ಪ್ರತಿ ಫೈಲಿನಲ್ಲೂ ಬೇರೆ ಮಾಡ್ಯೂಲಿನಿಂದ ತರಿಸಿಕೊಳ್ಳಬೇಕಿತ್ತು. 2024ರ ಜಿಎಚ್‌ಸಿ 9.10ರಿಂದ ಅದು ತಾನಾಗಿ ಬರುವ ಮೂಲ ಮಾಡ್ಯೂಲಾದ ಪ್ರೆಲ್ಯೂಡ್‌ನಲ್ಲೇ ಸಿಗುತ್ತದೆ. ಖಾಲಿ ಲಿಸ್ಟಿನ ಮೇಲೆ, ಮೊದಲನೆಯದನ್ನು ಕೊಡುವ ಹೆಡ್ ಕರೆದು ಪ್ರೋಗ್ರಾಮ್ ಬೀಳಿಸಿಕೊಳ್ಳದ ಹೊಸಬರಿಲ್ಲ. 9.8ರಿಂದ ಹೆಡ್, ಮೊದಲನೆಯದು ಬಿಟ್ಟು ಉಳಿದದ್ದನ್ನು ಕೊಡುವ ಟೇಲ್ ಬಳಸಿದರೆ ಕಂಪೈಲರ್ ಎಚ್ಚರಿಸುತ್ತದೆ. 9.6ರಿಂದ ದೋಷ ಸಂದೇಶಗಳಿಗೆ ಒಂದೊಂದು ಸಂಖ್ಯೆ ಬಂದಿದೆ, ಆ ಸಂಖ್ಯೆ ಹಿಡಿದು ಹುಡುಕಿದರೆ ಉದಾಹರಣೆ ಸಮೇತ ವಿವರಣೆ ಸಿಗುತ್ತದೆ. 83865 ಅಂದರೆ ಟೈಪ್ ಹೊಂದುತ್ತಿಲ್ಲ ಅಂತ. ನಮ್ಮ ತಂಡದಲ್ಲಿ ಆ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಇದೆಲ್ಲ ತಾನಾಗಿ ಆದದ್ದಲ್ಲ. ಯಾರೋ ಕೇಳಿದರು, ಯಾರೋ ನೂರನೇ ಸಲ ತಾಳ್ಮೆಯಿಂದ ಉತ್ತರ ಕೊಟ್ಟರು, ಇನ್ನು ಯಾರೋ 'ಇದನ್ನು ಕಂಪೈಲರೇ ಹೇಳಿದರೆ ಒಳ್ಳೆಯದಲ್ಲವಾ' ಅಂತ ಕೂತು ಬರೆದರು.

ಹ್ಯಾಸ್ಕೆಲ್ ಬಲ್ಲವರ ಮೇಲೆ ನನಗೊಂದು ತಕರಾರೂ ಇದೆ. ಒಬ್ಬರು ಬಂದು ಸಣ್ಣದೊಂದು ಲೂಪ್ ಬರೆಯುವುದು ಹೇಗೆ ಅಂತ ಕೇಳುತ್ತಾರೆ. ಮೊದಲ ಉತ್ತರ ಸರಿಯಾಗಿಯೇ ಇರುತ್ತದೆ. ಎರಡನೆಯವರು ಬಂದು ಅದನ್ನೇ ಒಂದು ಸಾಲಿಗೆ ಇಳಿಸುತ್ತಾರೆ. ಮೂರನೆಯವರು ಹೆಸರುಗಳನ್ನೆಲ್ಲ ತೆಗೆದುಹಾಕಿ ಚುಕ್ಕಿಗಳಲ್ಲೇ ಜೋಡಿಸುತ್ತಾರೆ. ನಾಲ್ಕನೆಯವರು ಇದು ಲಿಸ್ಟಿಗೆ ಮಾತ್ರ ಯಾಕೆ, ಎಲ್ಲದಕ್ಕೂ ಹೊಂದುವಂತೆ ಮಾಡೋಣ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಕೇಳಿದವರು ಎದ್ದು ಹೋಗಿರುತ್ತಾರೆ. ಆ ಮೇಲೇರುವ ಸುಖ ನನಗೂ ಗೊತ್ತು, ಅದು ಈ ಭಾಷೆಯ ನಿಜವಾದ ಚೆಲುವು. ಆದರೆ ಅದಕ್ಕೆ ಬೇರೆ ಸಂಜೆಗಳಿವೆ. ಕೇಳಿದವರು ನಿಂತ ಮೆಟ್ಟಿಲಿನಿಂದ ಒಂದೇ ಮೆಟ್ಟಿಲು ಮೇಲಿನದನ್ನು ತೋರಿಸಬೇಕು. 2016ರಲ್ಲಿ ಸೈಮನ್ ಪೇಟನ್ ಜೋನ್ಸ್ ಅವರು ಹ್ಯಾಸ್ಕೆಲ್ ಬಳಗಕ್ಕೆಲ್ಲ ಪತ್ರ ಬರೆದು, ಒಬ್ಬರಿಗೊಬ್ಬರು ಗೌರವದಿಂದ ಮಾತಾಡಬೇಕು ಅಂತ ಕೇಳಿಕೊಂಡರು. ಭಾಷೆ ಕಟ್ಟಿದವರೇ ಅದನ್ನು ಬರೆಯಬೇಕಾಯಿತು ಅನ್ನುವುದು ನನಗೆ ನೋವಿನ ಸಂಗತಿ. ಅವರು ಬರೆದರು ಅನ್ನುವುದು ಅಷ್ಟೇ ದೊಡ್ಡ ಸಂಗತಿ.

ನನ್ನ ಅಕ್ಕನ ಮಗಳು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಮನೆಗೆ ಬಂದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಹ್ಯಾಸ್ಕೆಲ್ ನೋಡಿ ತಾನೂ ಹಾಕಿಕೊಂಡಳು. ಅವಳಿಗೊಂದು ಆಸೆ. ಹೈಸ್ಕೂಲಿನಲ್ಲಿ ಕಂದ ಪದ್ಯಕ್ಕೆ ಪ್ರಸ್ತಾರ ಹಾಕಿ ಲಘು ಗುರು ಗುರುತಿಸುತ್ತಿದ್ದೆವಲ್ಲ, ಮೊದಲ ಮತ್ತು ಮೂರನೇ ಸಾಲಿಗೆ 12 ಮಾತ್ರೆ, ಎರಡನೇ ಮತ್ತು ನಾಲ್ಕನೇ ಸಾಲಿಗೆ 20. ಆ ಕೆಲಸವನ್ನು ಪ್ರೋಗ್ರಾಮ್ ಮಾಡಬೇಕು. ಮೊದಲ ಸಂಜೆಯೇ ಮೆಸೇಜ್ ಬಂತು: "ಚಿಕ್ಕಮ್ಮಾ, ಹ್ಯಾಸ್ಕೆಲ್‌ಗೆ ಕನ್ನಡ ಬರಲ್ವಾ?"

'ಕನ್ನಡ' ಅನ್ನುವ ಪದವನ್ನು ಪ್ರಿಂಟ್ ಮಾಡಿದ್ದಳು. ತೆರೆಯ ಮೇಲೆ ಬಂದದ್ದು ಓರೆಗೆರೆಗಳ ನಡುವೆ ಐದು ಸಂಖ್ಯೆ: 3221, 3240, 3277, 3240, 3233. ಬರುತ್ತೆ ಪುಟ್ಟಿ, ಬರುತ್ತೆ ಅಂದೆ. ಪ್ರಿಂಟ್ ಅನ್ನುವುದು ಮೊದಲು ಶೋ ಅನ್ನುವ ಫಂಕ್ಷನ್ ಕರೆಯುತ್ತದೆ. ಶೋ ಕೊಡುವುದು ಪ್ರೋಗ್ರಾಮಿನೊಳಗೆ ಮತ್ತೆ ಅಂಟಿಸಬಹುದಾದ ರೂಪ, ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಆಚೆಯ ಅಕ್ಷರಗಳೆಲ್ಲ ಸಂಖ್ಯೆಯಾಗುತ್ತವೆ. ಪುಟ್‌ಸ್ಟ್ರ್‌ಎಲ್‌ಎನ್ ಹಾಕು. ಅದು ಸ್ಟ್ರಿಂಗನ್ನು ಇದ್ದ ಹಾಗೆಯೇ ಬರೆಯುತ್ತದೆ. ಹಾಕಿದಳು, ಕನ್ನಡ ಕನ್ನಡವಾಗಿಯೇ ಬಂತು. ಕಾಲೇಜಿನ ಯಂತ್ರದಲ್ಲಿ ಅದೇ ಪ್ರೋಗ್ರಾಮ್ ಅಮಾನ್ಯ ಅಕ್ಷರ ಅಂತ ಬಿದ್ದಾಗ ಯಂತ್ರದ ಭಾಷೆಯ ಹೊಂದಿಕೆಯಾದ ಲೋಕೇಲ್ ನೋಡಲು ಹೇಳಿದೆ, ಅಲ್ಲಿ ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8 ಎನ್ಕೋಡಿಂಗ್ ಇರಲಿಲ್ಲ. ಹೊರಹರಿವಿನ ಎನ್ಕೋಡಿಂಗನ್ನು ಪ್ರೋಗ್ರಾಮಿನಲ್ಲೇ ಹೊಂದಿಸಿದ ಮೇಲೆ ಅದೂ ಮುಗಿಯಿತು.

ಆದರೆ ಆ ಐದು ಸಂಖ್ಯೆ ಅವಳ ತಲೆಯಲ್ಲಿ ಉಳಿದಿದ್ದವು. 'ಕನ್ನಡ'ದಲ್ಲಿ ಮೂರು ಅಕ್ಷರ, ಉದ್ದ ಎಣಿಸುವ ಲೆಂಗ್ತ್ ಮಾತ್ರ 5 ಅನ್ನುತ್ತದೆ. ಕ, ನ, ಹಲಂತ, ನ, ಡ ಅಂತ ಬಿಡಿಸಿ ಬರೆದುಕೊಂಡಳು. 'ಪುಸ್ತಕ'ವನ್ನು ರಿವರ್ಸ್ ಮಾಡಿ ನೋಡು ಅಂದೆ. 'ಕತ್ಸುಪ' ಬಂತು. ಪಕಾರದ ಕೊಂಬು ಹೋಗಿ ಸಕಾರಕ್ಕೆ ಸೇರಿಕೊಂಡಿತ್ತು. ಮಾರನೇ ದಿನ ಪದ್ಯದಿಂದ ಅಲ್ಪವಿರಾಮ, ಪೂರ್ಣವಿರಾಮ ತೆಗೆಯಲು ಹೋಗಿ, ಇದು ಅಕ್ಷರವೇ ಅಂತ ಕೇಳುವ ಇಸ್‌ಆಲ್ಫಾದಿಂದ ಸೋಸಿದಳು. 'ಪುಸ್ತಕ' ಹೋಗಿ 'ಪಸತಕ' ಆಯಿತು. ಕೊಂಬು, ಹಲಂತ ಇವು ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಅಕ್ಷರವಲ್ಲ, ಅಕ್ಷರಕ್ಕೆ ಹಚ್ಚುವ ಗುರುತು. ಅವನ್ನು ಕೇಳಲು ಬೇರೆ ಫಂಕ್ಷನ್, ಇಸ್‌ಮಾರ್ಕ್. ಒಂದನೇ ತರಗತಿಯಲ್ಲಿ ಕಾಗುಣಿತ ತಿದ್ದಿದ ಕೈಗೆ ಇದು ವಿಚಿತ್ರ ಅನ್ನಿಸುತ್ತದೆ, ನಮಗೆ 'ಪು' ಅನ್ನುವುದು ಒಂದೇ ಅಕ್ಷರ.

ಹಾಗಾದರೆ ಅಕ್ಷರ ಬಿಡಿಸುವ ನಿಯಮ ನಾವೇ ಬರೆಯಬೇಕು. ಕೈಯಾಗ ಏನೈತಿ? ಕ್ಯಾರೆಕ್ಟರ್‌ಗಳ ಲಿಸ್ಟ್. ಬೇಕಾಗಿದ್ದು ಏನೈತಿ? ಲಿಸ್ಟ್‌ಗಳ ಲಿಸ್ಟ್, ಒಂದೊಂದು ಒಳಲಿಸ್ಟೂ ಒಂದು ಅಕ್ಷರ. ಯಾವಾಗ ಅಂಟಿಕೊಳ್ಳಬೇಕು? ಈಗಿನದು ಗುರುತಾಗಿದ್ದರೆ, ಇಲ್ಲವೇ ಹಿಂದಿನದು ಹಲಂತವಾಗಿದ್ದರೆ. ಅವಳೇ ಹೇಳಿದ ನಿಯಮ, ಚೆನ್ನಾಗಿದೆ. ಗ್ರೂಪ್‌ಬೈ, ಅಂದರೆ ಲಿಸ್ಟನ್ನು ಗುಂಪುಗಳಾಗಿ ಒಡೆಯುವ ಫಂಕ್ಷನ್, ಹುಡುಕಿದ್ದೂ ಅವಳೇ. ಟೈಪ್ ಸರಿಯಾಗಿ ಹೊಂದಿತು, ಕಂಪೈಲರ್ ಒಪ್ಪಿತು. 'ಕನ್ನಡ' ಕೊಟ್ಟರೆ ನಾಲ್ಕು ತುಂಡು ಬಂತು: ಕ, ನ್, ನ, ಡ.

ಮೂರು ದಿನ ಅದನ್ನೇ ಹಿಡಿದು ಕೂತಿದ್ದಳಂತೆ. ವೀಡಿಯೋ ಕಾಲ್ ಮಾಡಿ, "ಹಾಳೆ ತಗೋ" ಅಂದೆ. ಐದು ಸಾಲು ಗೆರೆ ಹಾಕಿಸಿದೆ. ಒಂದೊಂದು ಸಾಲಿನಲ್ಲೂ ಎರಡು ಕಂಬ, ನಿನ್ನ ಫಂಕ್ಷನ್ ಎಡಗೈಯಲ್ಲಿ ಯಾವುದನ್ನು ಹಿಡಿದಿದೆ, ಬಲಗೈಯಲ್ಲಿ ಯಾವುದನ್ನು. ಮೂರನೇ ಸಾಲು, ಎಡಗೈಯಲ್ಲಿ ನ, ಬಲಗೈಯಲ್ಲಿ ಹಲಂತ. ಅಂಟಿತು. ನಾಲ್ಕನೇ ಸಾಲಿಗೆ ಅವಳು ಎಡಗೈ ಕಂಬದಲ್ಲಿ ಹಲಂತ ಬರೆದಳು. ನಾನು ಗ್ರೂಪ್‌ಬೈನ ಮೂಲ ಕೋಡ್ ತೆರೆದು ತೋರಿಸಿದೆ, ಎರಡು ಮೂರು ಸಾಲು ಅಷ್ಟೇ. ಅದನ್ನು ಓದುತ್ತ ಓದುತ್ತ ಅವಳ ದನಿ ನಿಧಾನವಾಯಿತು. ಗ್ರೂಪ್‌ಬೈ ಪಕ್ಕದ ಎರಡನ್ನು ಹೋಲಿಸುವುದಿಲ್ಲ. ಗುಂಪಿನ ಮೊದಲನೆಯದನ್ನು ಎಡಗೈಯಲ್ಲಿ ಹಿಡಿದು ಆ ಗುಂಪು ಮುಗಿಯುವವರೆಗೂ ಅದನ್ನೇ ಹಿಡಿದಿರುತ್ತದೆ. ನಾಲ್ಕನೇ ಸಾಲಿನಲ್ಲಿ ಎಡಗೈಯಲ್ಲಿದ್ದದ್ದು ಹಲಂತವಲ್ಲ, ಇನ್ನೂ ಅದೇ ನ. ಸಮಾನತೆಯಂಥ ಸಂಬಂಧಕ್ಕೆ ಎರಡೂ ಒಂದೇ ಉತ್ತರ ಕೊಡುತ್ತವೆ, ಅವಳ ನಿಯಮ ಆ ಜಾತಿಯದಲ್ಲ. ಇದನ್ನು ಟೈಪ್ ಹೇಳಿರಲಿಲ್ಲ, ಕಂಪೈಲರ್ ಹೇಳಿರಲಿಲ್ಲ. "ಮತ್ತೆ ನನ್ನ ತಪ್ಪೇನೂ ಇರಲಿಲ್ಲ ಅಲ್ವಾ?" ಅಂದಳು. ಇರಲಿಲ್ಲ. ಅನುಭವಸ್ಥರೂ ಇಲ್ಲಿ ಎಡವಿದ್ದಾರೆ.

ಗ್ರೂಪ್‌ಬೈ ಬಿಟ್ಟು ತನ್ನನ್ನೇ ಮತ್ತೆ ಕರೆಯುವ ಫಂಕ್ಷನ್, ಅಂದರೆ ರಿಕರ್ಷನ್, ತಾನೇ ಬರೆದಳು, ಎಡಗೈಯಲ್ಲಿ ಯಾವಾಗಲೂ ಹಿಂದಿನ ಕ್ಯಾರೆಕ್ಟರ್. 'ಕನ್ನಡ' ಮೂರಾಯಿತು, 'ಪುಸ್ತಕ' ಮೂರಾಯಿತು, 'ಅರ್ಕಾವತಿ' ನಾಲ್ಕಾಯಿತು. ಅವತ್ತು ರಾತ್ರಿ ಅವಳು ಕಳಿಸಿದ ಮೆಸೇಜಿನಲ್ಲಿ ಬರೀ ಮೂರು ಸಂಖ್ಯೆ ಇದ್ದವು: 3, 3, 4.

ಒಂದು ವಾರ ಬಿಟ್ಟು ಹಾಳೆಯ ಫೋಟೋ ಬಂತು. ಪ್ರಶ್ನೆ ಏನೂ ಇಲ್ಲ, ಬರೀ ಫೋಟೋ. 'ಬಸ್ ಬಂತು' ಅನ್ನುವುದಕ್ಕೆ ಅದೇ ಎರಡು ಕಂಬ ಹಾಕಿದ್ದಳು. ಸಕಾರದ ಹಲಂತದ ಮುಂದಿನ ಸಾಲಿನಲ್ಲಿ, ಬಲಗೈ ಕಂಬದಲ್ಲಿ, ಖಾಲಿ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಹಿಂದಿನದು ಹಲಂತ ಆದ್ದರಿಂದ ಸ್ಪೇಸ್ ಕೂಡ ಅಕ್ಷರಕ್ಕೆ ಅಂಟಿಬಿಟ್ಟಿತ್ತು. ಪ್ರಸ್ತಾರ ಹಾಕುವಾಗ ಆ ಒಂಟಿ 'ಸ್' ಹಿಂದಿನ ಬಕಾರಕ್ಕೆ ಸೇರಿ ಅದನ್ನು ಗುರು ಮಾಡಬೇಕು, ಅದು ಮುಂದಿನ ಕೆಲಸ. ಅದಕ್ಕೆ ಮೊದಲು ಈ ತುಂಡು ಸರಿಯಾಗಬೇಕು. ಫೋಟೋದ ಕೆಳಗೆ ತಿದ್ದಿದ ನಿಯಮವನ್ನೂ ಬರೆದಿದ್ದಳು: ಹಿಂದಿನದು ಹಲಂತವಾಗಿದ್ದು ಈಗಿನದು ಅಕ್ಷರವೇ ಆಗಿದ್ದರೆ ಮಾತ್ರ ಅಂಟಬೇಕು. ನಾನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಚೆನ್ನಾಗಿದೆ ಪುಟ್ಟಿ ಅಂತ ಬರೆದೆ.

ನಿನ್ನೆ ಮತ್ತೆ ಮೆಸೇಜ್. "ಚಿಕ್ಕಮ್ಮಾ, 'ಹ್ಯಾಸ್ಕೆಲ್‌ನಲ್ಲಿ' ಅಂತ ಕೊಟ್ಟೆ. ಮೊದಲು 5 ಬರ್ತಿತ್ತು, ಸರಿ ಇತ್ತು. ತಿದ್ದಿದ ಮೇಲೆ 6 ಬರ್ತಿದೆ. ಆರನೇದು ಯಾವುದು ಅಂತ ಪ್ರಿಂಟ್ ಮಾಡಿದರೆ ಏನೂ ಕಾಣ್ತಿಲ್ಲ."

ಲಕಾರ ಮತ್ತು ನಕಾರದ ನಡುವೆ, ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ಇಟ್ಟ ಕಣ್ಣಿಗೆ ಕಾಣದ ಗುರುತೊಂದಿದೆ. ಅದು ಅಕ್ಷರವೂ ಅಲ್ಲ, ಇಸ್‌ಮಾರ್ಕ್ ಅನ್ನುವ ಗುರುತೂ ಅಲ್ಲ. ಅದನ್ನು ನಾನು ಅವಳಿಗೆ ಹೇಳಿಲ್ಲ. ಪುಟ್‌ಸ್ಟ್ರ್‌ಎಲ್‌ಎನ್ ಬಿಟ್ಟು ಈ ಸಲ ಪ್ರಿಂಟ್ ಹಾಕಿ ನೋಡು, ಸಂಖ್ಯೆ ಕಾಣುತ್ತೆ ಅಂದೆ. ಶನಿವಾರ ಬೆಳಿಗ್ಗೆ ಕೂರೋಣ, ಹಾಳೆ ತೆಗೆದಿಟ್ಟುಕೋ ಅಂತಲೂ ಹೇಳಿದ್ದೇನೆ. ಈ ಪದಕ್ಕೆ ಹದಿನಾರು ಸಾಲು ಬೇಕಾಗುತ್ತದೆ.